ವಿಜಯಪುರದ ನಗರ ಬಸ್ಸಿನಲ್ಲಿ

ವಿಜಯಪುರವನ್ನು ಕಾಣಬಂದವರು ಸಾಮಾನ್ಯವಾಗಿ ಟಾಂಗಾ ಇಲ್ಲವೆ ಆಟೋ ಹಿಡಿದು ಗುಮ್ಮಟದಿಂದ ಗುಮ್ಮಟಕ್ಕೆ ಧಾವಿಸುವರು. ನಾವು ನಗರ ಸಾರಿಗೆಯ ಬಸ್ಸನ್ನೇ ನೆಚ್ಚಿದೆವು. ಪೂರ್ವದಲ್ಲಿ ರೈಲು ನಿಲ್ದಾಣ, ಅದರ ಸನಿಹದಲ್ಲಿ 1656ರ ಗೋಳಗುಮ್ಮಟ. ಪಶ್ಚಿಮದಲ್ಲಿ ಕೇಂದ್ರ ಬಸ್ ನಿಲ್ದಾಣ, ಅದರಾಚೆ ಇಬ್ರಾಹಿಂ ರೋಜಾ. ಇವುಗಳ ನಡುವೆ ಓಡುವ ಬಸ್ಸೇ ಊರನ್ನು ಅರಿಯಲು ಸಾಕು. ಮುಂಜಾನೆಯೇ ಗುಮ್ಮಟವೇರಿದರೆ ಗದ್ದಲವಿರದು, ಪಿಸುಮಾತೂ ಎದುರುಬದಿಗೆ ಕೇಳಿಸುವುದು. 2023ರ ಜೂನ್‌ನಿಂದ ರಾಜ್ಯದ ಮಹಿಳೆಯರಿಗೆ ಸಾಮಾನ್ಯ ಬಸ್ಸುಗಳಲ್ಲಿ ಶುಲ್ಕವಿಲ್ಲ. ಗುರುತಿನ ಚೀಟಿ ತೋರಿಸಿ ಮನೆಯ ಹೆಣ್ಣುಮಕ್ಕಳು ಮನಬಂದಲ್ಲಿ ಇಳಿದರು, ಹತ್ತಿದರು. ಚಿಲ್ಲರೆ ಹುಡುಕುವ ಪಾಡು ಗಂಡಸರದು.

ಟಾಂಗಾದವರು ತೋರಿಸದ ವಿಜಯಪುರವೊಂದಿದೆ. ವಕೀಲರಾಗಿ ಇಲ್ಲಿಯೇ ನೆಲೆಸಿದ ಫ.ಗು. ಹಳಕಟ್ಟಿಯವರು ತಾಡವೋಲೆಗಳಿಗಾಗಿ ಊರೂರು ಅಲೆದರು. 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಬೆಳಗಾವಿಯಲ್ಲಿ ಅಚ್ಚು ಹಾಕಿಸಿದರು. ಬಳಿಕ ಇದ್ದ ಮನೆಯನ್ನು ಮಾರಿ, 1925ರಲ್ಲಿ ಇದೇ ಊರಿನಲ್ಲಿ ಹಿತಚಿಂತಕ ಮುದ್ರಣಾಲಯವನ್ನು ತೆರೆದರು. ಮರುವರ್ಷ ‘ಶಿವಾನುಭವ’ ಪತ್ರಿಕೆ ಹೊರಟಿತು. ನಿತ್ಯವೂ ವಚನ ಓದುವ ನಮ್ಮವರು ಗುಮ್ಮಟವನ್ನಷ್ಟೇ ಕಂಡು ಮರಳುವುದು ಖೇದದ ಸಂಗತಿ.

ಬಸ್ಸಿನಲ್ಲಿ ಹಳಕಟ್ಟಿಯವರ ಹೆಸರೆತ್ತಿದಾಗ ಪಕ್ಕದ ಹಿರಿಯರು, “ಹೌದ್ರಿ, ನಮ್ಮೂರ ವಕೀಲರು” ಎಂದು ಸರಿದು ಜಾಗ ಕೊಟ್ಟು, ಗಾಂಧಿ ಚೌಕ ಬರುವವರೆಗೂ ಅವರ ಮಾತನ್ನೇ ಆಡಿದರು. ನಾವು ಅಲ್ಲಿ ಇಳಿದು ಸಿದ್ಧೇಶ್ವರ ಗುಡಿಯ ಕಡೆಗೆ ನಡೆದೆವು.