ಒಂದೇ ಮಸೂರದ ಯಾತ್ರಿಕ

ಬೇಲೂರಿನ ಶಿಲಾಬಾಲಿಕೆಯ ಮುಂದೆ ಪ್ರವಾಸಿ ಗೃಹಸ್ಥನೊಬ್ಬ ಚೀಲ ಬಿಚ್ಚುತ್ತಾನೆ. ಮಸೂರಗಳು ಮೂರು, ಫ್ಲಾಷ್ ದೀಪವೊಂದು, ಮುಕ್ಕಾಲಿ ಸ್ಟ್ಯಾಂಡು ಬೇರೆ. ಯಾವುದನ್ನು ಜೋಡಿಸುವುದೆಂದು ಅವನು ನಿಶ್ಚಯಿಸುವಷ್ಟರಲ್ಲಿ ಬಿಸಿಲು ಸರಿದಿರುತ್ತದೆ; ಮಕ್ಕಳಿಗೆ ಹಸಿವಾಗಿರುತ್ತದೆ.

ಫ್ರಾನ್ಸಿನ ಛಾಯಾಗ್ರಾಹಕ ಆನ್ರಿ ಕಾರ್ತಿಯೇ-ಬ್ರೆಸೊನನಿಗೆ ಈ ತಾಪತ್ರಯವಿರಲಿಲ್ಲ. ಕೈಯಲ್ಲಿ ಪುಟ್ಟದೊಂದು ಲೈಕಾ ಕ್ಯಾಮರಾ; ಅದಕ್ಕೆ ಬಹುಪಾಲು 50 ಮಿಲಿಮೀಟರಿನ ಒಂದೇ ಮಸೂರ; ಸುರುಳಿಗೆ 36 ಚಿತ್ರ. ಹೊಳೆಯುವ ಲೋಹದ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸಿ, ಜನರ ಕಣ್ಣಿಗೆ ಬೀಳದಂತೆ ಅವರ ನಡುವೆಯೇ ಓಡಾಡುತ್ತಿದ್ದ. ಫ್ಲಾಷ್ ಎಂದರೆ ಆತನಿಗೆ ಆಗದು.

1948ರ ಜನವರಿ 30ರಂದು ದೆಹಲಿಯಲ್ಲಿ ಆತ ಗಾಂಧೀಜಿಯವರನ್ನು ಕಂಡುಬಂದ ಕೆಲ ಹೊತ್ತಿಗೇ ಅವರ ಹತ್ಯೆಯಾಯಿತು. ಆ ರಾತ್ರಿ ಬಿರ್ಲಾ ಭವನದ ಗೇಟಿನಲ್ಲಿ ನೆಹರೂರವರು ಜನಸ್ತೋಮಕ್ಕೆ ಮರಣವಾರ್ತೆಯನ್ನು ತಿಳಿಸಿದಾಗ ಇದ್ದದ್ದು ದೀಪದ ಮಂದ ಬೆಳಕು. ಅಷ್ಟರಲ್ಲೇ ತೆಗೆದ ಚಿತ್ರ ಮಸುಕಾಗಿದೆ. ಫ್ಲಾಷ್ ಬೆಳಗಿದ್ದರೆ ಮುಖವೇನೋ ಸ್ಪಷ್ಟವಾಗುತ್ತಿತ್ತು. ಆ ಕತ್ತಲೆ ಮಾತ್ರ ಅಳಿಸಿಹೋಗುತ್ತಿತ್ತು. ದೇಶಕ್ಕೆ ಕವಿದ ಕತ್ತಲೆ ಅದೇ ತಾನೆ!

ಒಂದೇ ಮಸೂರವನ್ನು ನೆಚ್ಚಿದವನಿಗೆ ನಷ್ಟವಿಲ್ಲವೆಂದಲ್ಲ. ದೂರದ ಕೊಂಬೆಯ ಹಕ್ಕಿ ಚುಕ್ಕೆಯಾದೀತು. ಹತ್ತಿರ ಬೇಕಾದರೆ ತಾನೇ ನಾಲ್ಕು ಹೆಜ್ಜೆ ನಡೆಯಬೇಕು. ಹಾಗೆ ನಡೆದವನಿಗೆ ಎದುರಿನವರ ಪರಿಚಯವೂ ಆಗುವುದುಂಟು. ಶ್ರವಣಬೆಳಗೊಳದಲ್ಲಿ ಗೊಮ್ಮಟನ ಪಾದದ ಬಳಿ ನಿಂತರೆ ಇಡೀ ಮೂರ್ತಿ ಆ ಚೌಕಟ್ಟಿನಲ್ಲಿ ಹಿಡಿಸದು. ಹೋಗಲಿ, ಮೂರ್ತಿಯ ಚಿತ್ರ ಅಂಗಡಿಯಲ್ಲಿ ದೊರೆಯುತ್ತದೆ. ಆ ಪಾದದೆದುರು ಕೈಮುಗಿದು ನಿಂತ ಅಜ್ಜಿಯ ಚಿತ್ರ ದೊರೆಯುವುದಿಲ್ಲ.