ಹೆಸರು ಬರೆಯದ ಚೀಟಿ

‘ನಿನ್ನ ಮಗಳು ಏನ್ ನೌಕರಿ ಮಾಡ್ತಾಳ ಅಂತ ಮಂದಿ ಕೇಳಿದ್ರ ನಾ ಏನಂತ ಹೇಳಲಿ?’

ಅವ್ವ ಒಲೆಯ ಮುಂದೆ ಕುಳಿತು ರೊಟ್ಟಿ ಬಡಿಯುತ್ತಲೇ ಕೇಳಿದಳು. 2005ನೇ ಇಸವಿ. ಸಮಾಜಕಾರ್ಯದಲ್ಲಿ ಎಂ.ಎ. ಮುಗಿಸಿದ್ದ ನನಗೆ ಬೆಳಗಾವಿ ಜಿಲ್ಲೆಯಲ್ಲಿ ಸಮೀಕ್ಷೆಯ ತಂಡವೊಂದನ್ನು ಮುನ್ನಡೆಸುವ ಕೆಲಸ ಸಿಕ್ಕಿತ್ತು. ಲೈಂಗಿಕ ವೃತ್ತಿಯ ಹೆಣ್ಣುಮಕ್ಕಳನ್ನು ಕಂಡು, ಮಾತಾಡಿಸಿ, ಒಪ್ಪಿದವರ ರಕ್ತ ಪಡೆದು ಪರೀಕ್ಷೆಗೆ ಕಳಿಸುವ ಕೆಲಸ. ಇದನ್ನು ಅವ್ವನಿಗೆ ಹೇಗೆ ಹೇಳುವುದು? ‘ಆರೋಗ್ಯದ ಸರ್ವೇ ಅಂತ ಹೇಳು’ ಎಂದು ತಪ್ಪಿಸಿಕೊಂಡೆ. ಏಡ್ಸ್ ಎಂಬ ಮಾತು ಬಾಯಿಗೆ ಬರಲಿಲ್ಲ.

ಬಾರದಿರಲು ಕಾರಣವಿತ್ತು. ನಮ್ಮೂರು ಬೇವೂರು ಬಾಗಲಕೋಟೆ ತಾಲ್ಲೂಕಿನದು. ನಮ್ಮ ಕಡೆಯಿಂದ ಗೋವಾ, ಮುಂಬೈ, ಮಂಗಳೂರು ಎಂದು ದುಡಿಯಲು ಹೋಗುವವರು ಬಹಳ. ಹಾಗೆ ಹೋಗಿದ್ದ ನಮ್ಮ ಓಣಿಯವನೊಬ್ಬ ಕೆಲವು ವರ್ಷಗಳ ಹಿಂದೆ ಬಡಕಲಾಗಿ ಮರಳಿ ಬಂದು ತೀರಿಕೊಂಡಿದ್ದ. ಅವನು ಉಂಡ ಗಂಗಾಳವನ್ನು ತಿಪ್ಪೆಗೆ ಎಸೆದರು, ಹಾಸಿಗೆ ಸುಟ್ಟರು. ಅವನ ಹೆಂಡತಿ ನಳಕ್ಕೆ ನೀರಿಗೆ ಬಂದರೆ ಉಳಿದವರು ಕೊಡ ಎತ್ತಿಕೊಂಡು ಹಿಂದೆ ಸರಿಯುತ್ತಿದ್ದರು. ಹಾಗೆ ಸರಿದವರಲ್ಲಿ ನಮ್ಮವ್ವನೂ ಒಬ್ಬಳು.

ಇದು ನಮ್ಮ ಓಣಿಯೊಂದರ ಕತೆಯೂ ಆಗಿರಲಿಲ್ಲ. 2003ರಲ್ಲಿ ಬಾಗಲಕೋಟೆ ಜಿಲ್ಲೆಯ ಮೂರು ತಾಲ್ಲೂಕುಗಳಲ್ಲಿ ಸಾಮಾನ್ಯ ಜನರ ನಡುವೆಯೇ ಒಂದು ಸಮೀಕ್ಷೆ ನಡೆದಿತ್ತು. ಪರೀಕ್ಷಿಸಿಕೊಂಡ ವಯಸ್ಕರಲ್ಲಿ ಶೇಕಡ 2.9ರಷ್ಟು ಮಂದಿಗೆ ಎಚ್‌ಐವಿ ಸೋಂಕು ಇತ್ತು. ಅಂದರೆ ನೂರು ಜನರಲ್ಲಿ ಹೆಚ್ಚುಕಡಿಮೆ ಮೂವರು. ಹೊಲ, ಮಗ್ಗ, ಸಂತೆ, ಜಾತ್ರೆ ಎಂದು ನಡೆಯುತ್ತಿದ್ದ ಊರುಗಳ ಒಳಗೇ ರೋಗ ಸದ್ದಿಲ್ಲದೆ ಬಂದು ಕುಳಿತಿತ್ತು.

ನಾನು ಸೇರಿದ್ದು ಅದಕ್ಕಿಂತ ದೊಡ್ಡ ಕೆಲಸಕ್ಕೆ. ಆಂಧ್ರಪ್ರದೇಶ, ಕರ್ನಾಟಕ, ತಮಿಳುನಾಡು, ಮಹಾರಾಷ್ಟ್ರ, ಮಣಿಪುರ, ನಾಗಾಲ್ಯಾಂಡ್ ಹೀಗೆ ಆರು ರಾಜ್ಯಗಳಲ್ಲಿ ನಡೆದ ಸಮೀಕ್ಷೆ ಅದು. ಸೋಂಕಿನ ಅಪಾಯ ಹೆಚ್ಚಿರುವ ಗುಂಪುಗಳಲ್ಲಿ ರೋಗವೆಷ್ಟಿದೆ, ಅವರ ನಡವಳಿಕೆ ಹೇಗಿದೆ ಎಂಬುದನ್ನು ಒಟ್ಟಿಗೆ ಅಳೆಯುವ ಉದ್ದೇಶ. ನಮ್ಮ ರಾಜ್ಯದಲ್ಲಿ ಈ ಹೆಣ್ಣುಮಕ್ಕಳ ಸಮೀಕ್ಷೆಗೆ ಆಯ್ಕೆಯಾದ ಐದು ಜಿಲ್ಲೆಗಳಲ್ಲಿ ಬೆಳಗಾವಿಯೂ ಒಂದು. ಜಿಲ್ಲೆಯಲ್ಲಿ ಸುಮಾರು 400 ಹೆಣ್ಣುಮಕ್ಕಳನ್ನು ಕಾಣಬೇಕಿತ್ತು.

ಯಾರನ್ನು ಕಾಣಬೇಕೆಂಬುದು ನಮ್ಮ ಇಷ್ಟವಲ್ಲ. ಅನ್ನ ಬೆಂದಿದೆಯೇ ಎಂದು ನೋಡಲು ಒಂದು ಅಗುಳು ಸಾಕೆನ್ನುತ್ತಾರೆ. ಆದರೆ ಮೇಲಿನ ಅಗುಳನ್ನೇ ಹಿಚುಕಿದರೆ ತಳದ್ದು ತಿಳಿಯುವುದಿಲ್ಲ. ಸುಲಭವಾಗಿ ಸಿಗುವವರನ್ನಷ್ಟೇ ಮಾತಾಡಿಸಿದರೆ ಲೆಕ್ಕ ಸುಳ್ಳಾಗುತ್ತದೆ. ಅದಕ್ಕೇ ಮೊದಲು ಬಸ್ ನಿಲ್ದಾಣ, ಲಾಡ್ಜು, ಧಾಬಾ, ಹಳ್ಳಿಯ ಮನೆ ಎಲ್ಲವನ್ನೂ ಪಟ್ಟಿ ಮಾಡಿ, ಆ ಪಟ್ಟಿಯಿಂದ ಚೀಟಿ ಎತ್ತಿದ ಹಾಗೆ ಜಾಗಗಳನ್ನು ಆರಿಸಿ ಕೊಡುತ್ತಿದ್ದರು. ಆರಿಸಿದ ಜಾಗ ಎಷ್ಟೇ ದೂರವಿರಲಿ, ಹೋಗಲೇಬೇಕು. ಕಂಡವರ ಹೆಸರು ಮಾತ್ರ ಕೇಳುವಂತಿಲ್ಲ, ಬರೆಯುವಂತಿಲ್ಲ. ಪ್ರತಿಯೊಬ್ಬರಿಗೂ ಒಂದು ಸಂಖ್ಯೆಯ ಚೀಟಿ. ರಕ್ತದ ನಳಿಗೆಯ ಮೇಲೂ ಅದೇ ಸಂಖ್ಯೆ.

ಮೊದಲ ವಾರವೇ ನಾನೊಂದು ದೊಡ್ಡ ತಪ್ಪು ಮಾಡಿದೆ. ಘಟಪ್ರಭೆಯ ದಂಡೆಯ ಹಳ್ಳಿಯೊಂದರಲ್ಲಿ ನಮ್ಮ ಜೀಪನ್ನು ನೇರವಾಗಿ ಓಣಿಯೊಳಗೇ ಒಯ್ದು ನಿಲ್ಲಿಸಿದೆ. ಕೈಯಲ್ಲಿ ಫೈಲು, ಹಿಂದೆ ರಕ್ತದ ಪೆಟ್ಟಿಗೆ ಹಿಡಿದ ತಂತ್ರಜ್ಞ. ನಾವು ಇಳಿಯುವಷ್ಟರಲ್ಲಿ ಒಂದೊಂದಾಗಿ ಕದಗಳು ಮುಚ್ಚಿಕೊಂಡವು. ಮಧ್ಯಾಹ್ನದವರೆಗೆ ಕಾದರೂ ಒಬ್ಬರೂ ಹೊರಬರಲಿಲ್ಲ. ದಾರಿ ತೋರಿಸಲು ನಮ್ಮ ಜತೆಗಿದ್ದ ಹಿರಿಯ ಹೆಣ್ಣುಮಗಳು ಕಟ್ಟೆಯ ಮೇಲೆ ಕುಳಿತು ಎಲೆಯಡಿಕೆ ಹಾಕಿಕೊಳ್ಳುತ್ತಿದ್ದಳು. ಕೊನೆಗೆ ಹೇಳಿದಳು:

‘ಅಕ್ಕಾರ, ಜೀಪ್ ನೋಡಿ ಊರಿಗೆ ಊರ ನಿಂತೈತಿ. ನೀವು ಸಂಜಿಗೆ ಹೋಗ್ತೀರಿ. ಇವರು ನಾಳೆ ಇದಾ ಊರಾಗ ಬಾಳೇ ಮಾಡಬೇಕಲ್ರಿ?’

ಹೆಸರು ಬರೆಯದಿದ್ದರೆ ಗುಟ್ಟು ಉಳಿಯುತ್ತದೆ ಎಂದು ತಿಳಿದಿದ್ದೆ. ನಾವು ಬಂದು ನಿಂತ ರೀತಿಯೇ ಅವರ ಹೆಸರನ್ನು ಸಾರಿಬಿಡುತ್ತದೆ ಎಂಬುದು ಹೊಳೆದಿರಲಿಲ್ಲ. ಅಂದಿನಿಂದ ಜೀಪು ಊರ ಹೊರಗೆ ನಿಂತಿತು. ನಾವು ನೆಂಟರ ಮನೆಗೆ ಹೋದಂತೆ ಕೈಚೀಲ ಹಿಡಿದು ಇಬ್ಬಿಬ್ಬರಾಗಿ ನಡೆದು ಹೋಗತೊಡಗಿದೆವು. ಕದಗಳು ತೆರೆದವು. ಚಹಾ ಬಂತು. ಮಾತು ಬಂತು.

ಅವರಲ್ಲಿ ಹಲವರು ಚಿಕ್ಕವರಿದ್ದಾಗ ಮುತ್ತು ಕಟ್ಟಿಸಿಕೊಂಡವರು. ದೇವದಾಸಿ ಪದ್ಧತಿಯನ್ನು ನಿಷೇಧಿಸುವ ರಾಜ್ಯದ ಕಾನೂನು 1982ರದು. ಆದರೆ ಕಾನೂನಿಗೆ ಮೊದಲೇ ಮುತ್ತು ಬಿದ್ದ ಕೊರಳುಗಳೂ ಇದ್ದವು, ಆಮೇಲೆ ಕದ್ದು ಕಟ್ಟಿಸಿದ್ದೂ ಇತ್ತು. ಸರ್ಕಾರ 1993-94ರಲ್ಲಿ ದೇವದಾಸಿಯರ ಗಣತಿ ಮಾಡಿದಾಗ 22,873 ಮಂದಿಯನ್ನು ಗುರುತಿಸಿತ್ತು. ಅದನ್ನು ನೆನಪಿಟ್ಟಿದ್ದ ಒಬ್ಬಾಕೆ ನಮ್ಮ ಸಂಖ್ಯೆಯ ಚೀಟಿಯನ್ನು ತಿರುಗಿಸಿ ಮುರುಗಿಸಿ ನೋಡಿ ನಕ್ಕಳು:

‘ಆ ಸರ್ವೇದಾಗ ಹೆಸರ ಬರಸಿದವರಿಗೆ ಎಮ್ಮಿ ಸಾಲರ ಬಂತು. ನಿಮ್ಮ ಸರ್ವೇದಾಗ ಹೆಸರೂ ಇಲ್ಲ, ಎಮ್ಮಿನೂ ಇಲ್ಲ!’

ಎಲ್ಲರೂ ನಕ್ಕೆವು. ಆದರೆ ಆ ಮಾತಿನ ಮೊನೆ ನನಗೆ ಚುಚ್ಚಿತು. ಹೋದ ವಾರ ಎಷ್ಟು ಗಿರಾಕಿಗಳು ಬಂದಿದ್ದರು, ಕೊನೆಯ ಸಲ ನಿರೋಧ್ ಬಳಸಿದ್ದಿರೋ ಇಲ್ಲವೋ, ಮೊದಲ ಸಲ ಈ ಕೆಲಸಕ್ಕೆ ಬಂದಾಗ ವಯಸ್ಸೆಷ್ಟು ಎಂದು ಅಪರಿಚಿತ ಹೆಂಗಸನ್ನು ಅವಳದೇ ಪಡಸಾಲೆಯಲ್ಲಿ ಕುಳಿತು ಕೇಳುವುದು ಸಣ್ಣ ಮಾತಲ್ಲ. ‘ಇದನ್ನೆಲ್ಲಾ ಬರೋ ಗಂಡಸರಿಗೂ ಕೇಳ್ತೀರೇನ್ರಿ?’ ಎಂದು ಕೇಳದ ಊರಿಲ್ಲ. ಗಿರಾಕಿಗಳ ಸಮೀಕ್ಷೆಯೂ, ಹೆದ್ದಾರಿಯ ಲಾರಿ ಚಾಲಕರ ಸಮೀಕ್ಷೆಯೂ ಈ ಯೋಜನೆಯಲ್ಲಿ ಸೇರಿತ್ತು. ಹಾಗೆಂದು ಹೇಳುತ್ತಿದ್ದೆ. ಹೇಳಿದರೂ, ಊರವರ ಕಣ್ಣಿನಲ್ಲಿ ರೋಗ ಹಚ್ಚಿದವಳು ಇವಳೇ ಎಂಬುದು ಬದಲಾಗುವುದಿಲ್ಲವೆಂದು ಇಬ್ಬರಿಗೂ ಗೊತ್ತಿರುತ್ತಿತ್ತು.

ಹೀಗೆ ಮೂರು ವಾರ ಕಳೆದ ಮೇಲೆ ಅವಳು ಸಿಕ್ಕಳು. ಊರಿನ ಹೆಸರು ಬೇಡ. ಮೂವತ್ತರ ಆಚೆ ಈಚೆಯ ವಯಸ್ಸು, ಶಾಲೆಗೆ ಹೋಗುವ ಒಬ್ಬ ಮಗ. ಪ್ರಶ್ನೆಗಳೆಲ್ಲ ಮುಗಿದು, ರಕ್ತ ಮೂತ್ರ ಕೊಟ್ಟ ಮೇಲೆ ನನ್ನನ್ನೇ ದಿಟ್ಟಿಸಿದಳು.

‘ನೀವು ಬಾಗಲಕೋಟಿ ಕಡ್ಯಾರೇನ್ರಿ? ಮಾತ ಹಂಗ ಅನಸ್ತು.’

ಬೇವೂರು ಎಂದೆ. ಅವಳ ಮುಖ ಅರಳಿತು. ಅವಳ ತವರು ಹುನಗುಂದದ ಕಡೆಯದಂತೆ. ನನ್ನ ಹೆಸರು ಕೇಳಿದಳು, ಹೇಳಿದೆ. ಮದುವೆ ಆಗಿದೆಯೇ, ಅವ್ವ ಅಪ್ಪ ಇದ್ದಾರೆಯೇ ಎಂದೆಲ್ಲ ವಿಚಾರಿಸಿದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು:

‘ನಂದು ಏನ್ ಬಂತು ಅಂತ ನನಗ ತಿಳಸ್ತೀರಲ್ರಿ?’

ಬಾಯಿಪಾಠವಾಗಿದ್ದ ಉತ್ತರ ಕೊಟ್ಟೆ. ಈ ಚೀಟಿಯ ಸಂಖ್ಯೆ ತೋರಿಸಿದರೆ ಸಿಫಿಲಿಸ್ ಪರೀಕ್ಷೆಯ ಫಲಿತಾಂಶ ಸಿಗುತ್ತದೆ, ಔಷಧವೂ ಸಿಗುತ್ತದೆ. ಎಚ್‌ಐವಿಯದು ಮಾತ್ರ ಯಾರ ರಕ್ತದಲ್ಲಿ ಏನಿತ್ತೆಂದು ನಮಗೂ ತಿಳಿಯುವುದಿಲ್ಲ. ಅದು ಒಟ್ಟು ಲೆಕ್ಕಕ್ಕೆ ಮಾತ್ರ. ನಿಮಗೆ ತಿಳಿಯಬೇಕಿದ್ದರೆ ಸರ್ಕಾರಿ ಆಸ್ಪತ್ರೆಯ ಪರೀಕ್ಷಾ ಕೇಂದ್ರಕ್ಕೆ ಹೋಗಬೇಕು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದಳು.

‘ರಕ್ತ ನಂದು, ಲೆಕ್ಕ ನಿಮ್ದು. ಛಲೋ ಆತು ಬಿಡ್ರಿ.’

ಸಿಟ್ಟಿನಿಂದ ಹೇಳಿದ ಮಾತಲ್ಲ ಅದು. ಸಿಟ್ಟು ಮಾಡಿದ್ದರೆ ನಾನು ನಿಯಮದ ಹಿಂದೆ ಅಡಗಿಕೊಳ್ಳಬಹುದಿತ್ತು. ಅಂಥ ನಿಯಮವೇಕೆಂಬುದು ನನಗೆ ಚೆನ್ನಾಗಿ ಗೊತ್ತಿತ್ತು. ಫಲಿತಾಂಶ ಯಾರದೆಂದು ತಿಳಿಯುವ ದಾರಿ ಒಂದಿದ್ದರೂ ಅದು ಪೊಲೀಸರ ಕೈಗೋ, ಮನೆಯ ಮಾಲೀಕನ ಕಿವಿಗೋ ಬೀಳಬಹುದು. ಹೆಸರಿಲ್ಲದಿರುವುದೇ ಅವಳಿಗೆ ರಕ್ಷೆ. ಎಲ್ಲ ನಿಜ. ಆದರೂ ಆ ರಾತ್ರಿ ಲಾಡ್ಜಿನ ಕೋಣೆಯಲ್ಲಿ ಅಂದಿನ ಹಾಳೆಗಳನ್ನು ಜೋಡಿಸುತ್ತಿದ್ದಾಗ ಅವಳ ಸಂಖ್ಯೆ ಬಂದ ಕೂಡಲೇ ಕೈ ನಿಂತಿತು. ಪರೀಕ್ಷಾ ಕೇಂದ್ರಕ್ಕೆ ಹೋಗಿ ಎಂದು ಹೇಳಿ ನಾನು ಎದ್ದು ಬಂದಿದ್ದೆ. ಅವಳು ಯಾರ ಜತೆ ಹೋಗಬೇಕು? ಅಲ್ಲಿ ಯಾರಾದರೂ ಗುರುತು ಹಿಡಿದರೆ?

ಒಂದು ದಿನ ರಜೆ ಹಾಕಿದೆ. ಜತೆಗೆ ಹೋಗೆಂದು ನಿಯಮ ಹೇಳಿರಲಿಲ್ಲ, ಬೇಡವೆಂದೂ ಹೇಳಿರಲಿಲ್ಲ. ದಾರಿ ತೋರಿಸುವ ಹಿರಿಯಳ ಕೈಯಲ್ಲಿ ಕೇಳಿಸಿದೆ. ಅವಳು ಒಪ್ಪಿದಳು. ಆದರೆ ಹತ್ತಿರದ ಊರು ಬೇಡ, ದೂರದ ದೊಡ್ಡ ಆಸ್ಪತ್ರೆಗೇ ಹೋಗೋಣ ಎಂದಳು. ಬಸ್ಸಿನಲ್ಲಿ ಕಿಟಕಿಯ ಕಡೆ ಕುಳಿತು ದಾರಿಯುದ್ದಕ್ಕೂ ಮಗನ ಗಣಿತದ ಅಂಕಗಳ ಬಗ್ಗೆ ಮಾತಾಡಿದಳು. ಆಸ್ಪತ್ರೆಯಲ್ಲಿ ಆಪ್ತಸಮಾಲೋಚಕಿಯ ಕೋಣೆಯ ಬಾಗಿಲಲ್ಲಿ ನಿಂತು, ‘ನೀವು ಹೊರಗ ಕುಂದರ್ರಿ, ಅಕ್ಕಾರ’ ಎಂದಳು. ಎರಡು ತಾಸು ಬೆಂಚಿನ ಮೇಲೆ ಕುಳಿತಿದ್ದೆ.

ಹೊರಬಂದಾಗ ಅವಳ ಕೈಯಲ್ಲೊಂದು ಕಾಗದವಿತ್ತು. ಅದನ್ನು ನಾಲ್ಕು ಮಡಿಕೆ ಮಾಡಿ ಕುಪ್ಪಸದೊಳಗೆ ಇಟ್ಟುಕೊಂಡಳು. ನಾನು ಕೇಳಲಿಲ್ಲ, ಅವಳು ಹೇಳಲಿಲ್ಲ. ಬಸ್ ನಿಲ್ದಾಣದಲ್ಲಿ ಚುರಮರಿ ಕೊಂಡು ಅರ್ಧ ನನ್ನ ಕೈಗೆ ಸುರಿದಳು. ರೊಕ್ಕ ಕೊಡಹೋದರೆ ಕೈ ಹಿಡಿದು ತಡೆದಳು. ಉಚಿತ ಎಆರ್‌ಟಿ ಔಷಧ 2004ರ ಏಪ್ರಿಲ್‌ನಲ್ಲಿ ಆರಂಭವಾಗಿದ್ದರೂ ಆಗಿನ್ನೂ ಕೊಡುವ ಕೇಂದ್ರಗಳು ಬೆರಳೆಣಿಕೆಯಷ್ಟು. ಆ ಕಾಗದದಲ್ಲಿ ಏನಿದ್ದರೆ ಮುಂದೇನು ಎಂದು ಯೋಚಿಸುತ್ತ ನಾನು ಚುರಮರಿ ತಿಂದೆ.

ಸಮೀಕ್ಷೆಯ ಫಲಿತಾಂಶ ಬಂದಾಗ ಬೆಳಗಾವಿಯ ಅಂಕಿ ನೋಡಿ ಎದೆ ಧಸಕ್ಕೆಂದಿತು. ಪರೀಕ್ಷಿಸಿದ ಹೆಣ್ಣುಮಕ್ಕಳಲ್ಲಿ ಹೆಚ್ಚುಕಡಿಮೆ ಮೂವರಲ್ಲಿ ಒಬ್ಬರಿಗೆ ಸೋಂಕು. ಐದು ಜಿಲ್ಲೆಗಳನ್ನು ಒಟ್ಟು ಮಾಡಿದರೆ ಶೇಕಡ 19.6. ಕೆಲವು ವರ್ಷಗಳ ನಂತರ ಅದೇ ಜಿಲ್ಲೆಗಳಲ್ಲಿ ಎರಡನೇ ಸುತ್ತು ನಡೆಸಿದಾಗ ಅದು 16.4ಕ್ಕೆ ಇಳಿದಿತ್ತು. ಎಲ್ಲಿ ನಿರೋಧ್ ಮುಟ್ಟಿಲ್ಲ, ಎಲ್ಲಿ ಚಿಕಿತ್ಸಾಲಯ ಬೇಕು ಎಂಬುದನ್ನು ತಿಳಿಯಲು ಇಂಥ ಲೆಕ್ಕ ಬೇಕೇ ಬೇಕು. ಲೆಕ್ಕ ಸರಿಯಿಲ್ಲದಿದ್ದರೆ ಏನಾಗುತ್ತದೆಂದು 2007ರಲ್ಲಿ ದೇಶವೇ ಕಂಡಿತು. ಅದುವರೆಗೆ 50 ಲಕ್ಷಕ್ಕೂ ಹೆಚ್ಚು ಸೋಂಕಿತರಿದ್ದಾರೆಂದು ಅಂದಾಜಿಸಿದ್ದವರು, ಮನೆಮನೆಯ ರಕ್ತಪರೀಕ್ಷೆಯೂ ಸೇರಿದ್ದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಆಧಾರದ ಮೇಲೆ ಅದನ್ನು ಸುಮಾರು 25 ಲಕ್ಷಕ್ಕೆ ತಿದ್ದಿದರು.

ಹಾಗಾಗಿ ಎಣಿಸುವುದು ತಪ್ಪೆಂದು ನಾನು ಹೇಳಲಾರೆ. ಆಮೇಲೂ ಹಲವು ಸಮೀಕ್ಷೆಗಳಲ್ಲಿ ದುಡಿದೆ. ನನ್ನ ತಂಡಕ್ಕೆ ಬಂದ ಹೊಸಬರಿಗೆಲ್ಲ ಎರಡು ಮಾತು ಮೊದಲ ದಿನವೇ ಹೇಳುತ್ತಿದ್ದೆ. ಜೀಪು ಊರ ಹೊರಗೆ ನಿಲ್ಲಲಿ. ‘ಪರೀಕ್ಷಾ ಕೇಂದ್ರಕ್ಕೆ ಹೋಗಿ’ ಎಂದು ಹೇಳಿದರೆ, ಜತೆಗೆ ಹೋಗುವವರು ಯಾರು ಎಂಬುದನ್ನೂ ಗೊತ್ತುಮಾಡಿಕೊಂಡೇ ಆ ಮನೆಯಿಂದ ಏಳಿ. ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡಬಾರದು, ಸೋಂಕಿನ ವಿಷಯ ಹೊರಗೆ ಹೇಳಬಾರದು, ಸೋಂಕಿತರನ್ನು ಬೇರೆಯಾಗಿ ಕಾಣಬಾರದು ಎಂಬ ಕಾನೂನು ನಮ್ಮಲ್ಲಿ ಬಂದದ್ದು 2017ರಲ್ಲಿ. ಜಾರಿಯಾದದ್ದು 2018ರ ಸೆಪ್ಟೆಂಬರ್‌ನಲ್ಲಿ.

ನಮ್ಮ ಓಣಿಯ ನಳಕ್ಕೆ ಕಾನೂನು ಅದಕ್ಕಿಂತ ಮೊದಲೇ ಬಂತು. ಆ ಸಲ ಬಾದಾಮಿಯ ಬನಶಂಕರಿ ಜಾತ್ರೆಗೆಂದು ಊರಿಗೆ ಹೋಗಿದ್ದೆ. ರಾತ್ರಿ ಉಂಡಾದ ಮೇಲೆ, ನಾನು ಮಾಡುತ್ತಿದ್ದ ಕೆಲಸ ಏನೆಂಬುದನ್ನು ಅವ್ವನಿಗೆ ಪೂರ್ತಿ ಹೇಳಿದೆ. ಊರು, ಗುರುತು ಒಂದನ್ನೂ ಹೇಳದೆ ಆಸ್ಪತ್ರೆಗೆ ಹೋದದ್ದನ್ನೂ ಹೇಳಿದೆ. ಅವ್ವ ಬೈಯುತ್ತಾಳೆಂದು ಕಾದೆ. ಅವಳು ಕೇಳಿದ್ದು ಬೇರೆ.

‘ಆಕಿ ಹೆಸರೇನು?’

‘ಗೊತ್ತಿಲ್ಲವ್ವ. ಕೇಳಬಾರದು.’

‘ಆಕಿಗೆ ನಿನ್ನ ಹೆಸರ ಗೊತ್ತೈತೇನು?’

‘ಗೊತ್ತೈತಿ. ಕೇಳಿದ್ಲು.’

ಅವ್ವ ಮತ್ತೇನೂ ಅನ್ನದೆ ದೀಪ ಸಣ್ಣದು ಮಾಡಿ ಮಲಗಿದಳು.

ಮರುದಿನ ಮುಂಜಾನೆ ಅವಳ ಹಿಂದೆ ನಾನೂ ನಳಕ್ಕೆ ಹೋದೆ. ಆ ಹೆಣ್ಣುಮಗಳು ದೂರದಲ್ಲಿ ಕೊಡ ಹಿಡಿದು ನಿಂತಿದ್ದಳು, ಎಲ್ಲರದೂ ಆಗಲೆಂದು. ಅವ್ವ ತನ್ನ ಕೊಡ ಎತ್ತಿಕೊಳ್ಳಲಿಲ್ಲ, ಸರಿಯಲೂ ಇಲ್ಲ. ‘ಬಾ, ನೀ ಮೊದಲ ತುಂಬ್ಕೋ’ ಎಂದು ಆಕೆಯನ್ನು ಹೆಸರು ಹಿಡಿದು ಕರೆದಳು. ಗಂಡ ತೀರಿಕೊಂಡ ಮೇಲೆ ನಮ್ಮ ಓಣಿಯಲ್ಲಿ ಆಕೆಯನ್ನು ಯಾರಾದರೂ ಹೆಸರಿನಿಂದ ಕರೆದದ್ದನ್ನು ನಾನು ಕೇಳಿದ್ದು ಅದೇ ಮೊದಲು.

ಆ ಹೆಸರನ್ನೂ ನಾನಿಲ್ಲಿ ಬರೆಯುವುದಿಲ್ಲ.