ಗಾಡಿಯ ಪಕ್ಕೆಗೊಂದು ಸೈಕಲ್ಲು

ಬೆಳಗಿನ ಹೊತ್ತು ಬೆಂಗಳೂರಿನ ಬಳ್ಳಾರಿ ರಸ್ತೆಯ ಸರ್ವೀಸ್ ರೋಡಿನಲ್ಲಿ ಬರುವ ಗಾಡಿಗಳನ್ನು ನೋಡುತ್ತ ನಿಲ್ಲುವುದು ನನಗೆ ಬಹಳ ಇಷ್ಟ. ಎರಡು ಪಕ್ಕಕ್ಕೂ ಹಾಲಿನ ಕ್ಯಾನು ನೇತುಹಾಕಿಕೊಂಡವರು, ಟಿವಿಎಸ್ ಎಕ್ಸೆಲ್ ಮೇಲೆ ಪ್ಲಾಸ್ಟಿಕ್ ಬಿಂದಿಗೆ, ಬಕೆಟ್ಟು, ಪೊರಕೆಗಳನ್ನು ತಲೆಗಿಂತ ಎತ್ತರ ಪೇರಿಸಿಕೊಂಡವರು, ಹಸುವಿಗೆ ಹುಲ್ಲಿನ ಹೊರೆ ಕಟ್ಟಿಕೊಂಡವರು. ಈ ಗಾಡಿಗಳಲ್ಲಿ ಹೊರೆ ಹೊರುವ ಸ್ಟ್ಯಾಂಡು ಶೋರೂಮಿನಿಂದ ಬಂದದ್ದಲ್ಲ. ಅವರವರ ಊರಿನ ವೆಲ್ಡಿಂಗ್ ಅಂಗಡಿಯಲ್ಲಿ ಆಂಗಲ್ಲು, ಪಟ್ಟಿ, ಸರಳು ಕತ್ತರಿಸಿ ಮಾಡಿಸಿದ್ದು. ಭಾರ ಎಷ್ಟು ಎನ್ನುವುದಕ್ಕಿಂತ ಅದು ಎಲ್ಲಿ ಕೂರುತ್ತದೆ ಎನ್ನುವುದೇ ಮುಖ್ಯ ಎಂಬುದನ್ನು ಈ ಜನ ಯಾವ ಪುಸ್ತಕವನ್ನೂ ಓದದೆ ಅರಿತಿದ್ದಾರೆ. ಹಾಲಿನ ಕ್ಯಾನು ಯಾವತ್ತೂ ಸೀಟಿನ ಮೇಲಿರುವುದಿಲ್ಲ. ಹಿಂದಿನ ಚಕ್ರದ ಅಕ್ಕಪಕ್ಕ, ಆದಷ್ಟು ಕೆಳಗೆ, ಆದಷ್ಟು ಮುಂದೆ ಇರುತ್ತದೆ.

ನನ್ನ ಗೇರ್ ಸೈಕಲ್ಲನ್ನು ಬೈಕಿನಲ್ಲಿ ಸಾಗಿಸಬೇಕು ಎಂದಾಗ ನನಗೆ ದಾರಿ ತೋರಿದ್ದು ಈ ಕ್ಯಾನುಗಳೇ.

ಸಾಗಿಸುವುದು ಏಕೆಂದರೆ ನಂದಿಬೆಟ್ಟಕ್ಕಾಗಿ. 1478 ಮೀಟರ್ ಎತ್ತರದ ಆ ಬೆಟ್ಟವನ್ನು ಪೆಡಲ್ ತುಳಿದೇ ಹತ್ತಬೇಕು. ಅದರ ತಿರುವುಗಳಲ್ಲಿ ಏದುಸಿರು ಬಿಡುತ್ತಾ, ಅತಿ ಹಗುರದ ಗೇರಿನಲ್ಲಿ ಇಂಚಿಂಚಾಗಿ ಏರುವ ಸುಖ ಬೇರೆಲ್ಲೂ ಸಿಕ್ಕಿಲ್ಲ ನನಗೆ. ಆದರೆ ನಮ್ಮ ಮನೆಯಿರುವ ಸಹಕಾರನಗರದಿಂದ ಬೆಟ್ಟದ ಬುಡಕ್ಕೆ 40 ಕಿ.ಮೀ.ಗೂ ಹೆಚ್ಚು. ಅದರಲ್ಲಿ ಬಹುಪಾಲು ವಿಮಾನ ನಿಲ್ದಾಣದ ಹೆದ್ದಾರಿ. ನಸುಕಿನ ಕತ್ತಲಲ್ಲಿ ಫ್ಲೈಟ್ ಹಿಡಿಯುವವರನ್ನು ಹೊತ್ತ ಟ್ಯಾಕ್ಸಿಗಳು ಸಾದಹಳ್ಳಿ ಕಡೆಗೆ ನುಗ್ಗುವಾಗ ಪಕ್ಕದಲ್ಲಿ ಸೈಕಲ್ ತುಳಿಯುವುದು ಸಾಹಸವಲ್ಲ, ಪ್ರಾಣವನ್ನು ಪಣಕ್ಕಿಟ್ಟಂತೆ. ಮನೆಯಲ್ಲಿ ಕಾರಿಲ್ಲ. ಬೈಕಿದೆ. ನಂದಿ ಗ್ರಾಮದಲ್ಲಿ, ಭೋಗನಂದೀಶ್ವರನ ಗುಡಿಯ ಹತ್ತಿರ ಅದನ್ನು ನಿಲ್ಲಿಸಿ ಅಲ್ಲಿಂದ ಸೈಕಲ್ ಏರಿದರೆ ಸರಿ.

ಹಿಂಭಾಗಕ್ಕೆ ಅಡ್ಡಲಾಗಿ ಕಟ್ಟುವ ಯೋಚನೆಯನ್ನು ಮೊದಲೇ ಬಿಟ್ಟೆ. ಸೈಕಲ್ಲಿನ ಉದ್ದ ಹತ್ತಿರಹತ್ತಿರ 1.7 ಮೀಟರ್, ಅಷ್ಟು ಅಗಲ ಮಾಡಿಕೊಂಡು ಬಳ್ಳಾರಿ ರಸ್ತೆಯ ಟ್ರಾಫಿಕ್ಕಿಗೆ ಇಳಿಯುವ ಮಾತೇ ಇಲ್ಲ. ಗಾಡಿಗೆ ಸಮಾನಾಂತರವಾಗಿ, ಪಕ್ಕೆಗೆ ಅಂಟಿದಂತೆ ನಿಲ್ಲಬೇಕು. ಯಾವ ಪಕ್ಕೆ? ಬಲಗಡೆ ಸೈಲೆನ್ಸರ್ ಇದೆ, ಟೈರಿಗೆ ಕಾವು ತಗಲುತ್ತದೆ. ಓವರ್‌ಟೇಕ್ ಮಾಡುವವರು ಬರುವುದೂ ಅದೇ ಕಡೆಯಿಂದ. ಹಾಗಾಗಿ ಎಡ. ಎಡಕ್ಕೆ ಹೊರೆಯಿದ್ದಾಗ ಸೈಡ್ ಸ್ಟ್ಯಾಂಡ್ ಹಾಕಿದರೆ ಗಾಡಿ ಅದೇ ಕಡೆಗೆ ಮಗುಚಿಕೊಳ್ಳುತ್ತದೆ, ಆದ್ದರಿಂದ ಯಾವಾಗಲೂ ಸೆಂಟರ್ ಸ್ಟ್ಯಾಂಡ್. ಹತ್ತುವುದು ಇಳಿಯುವುದು ಬಲಗಡೆಯಿಂದ.

ಕೊಡಿಗೇಹಳ್ಳಿ ಕಡೆಯ ಒಂದು ಸಣ್ಣ ವೆಲ್ಡಿಂಗ್ ಅಂಗಡಿಗೆ ಚಿತ್ರ ಬರೆದುಕೊಂಡು ಹೋದೆ. ಅಂಗಡಿಯಾತ ಕಾಗದವನ್ನು ತಿರುಗಿಸಿ ಮುರುಗಿಸಿ ನೋಡಿ, "ಲೋಡ್ ಎಷ್ಟು ಸಾರ್?" ಅಂದ.

"ಹದಿನಾಲ್ಕು ಕೆಜಿ ಅಣ್ಣ."

"ನಿಂತಾಗ ಹದಿನಾಲ್ಕು. ಹಂಪ್ ಮೇಲೆ ಎಗರಿದಾಗ ನಲವತ್ತು ಅಂದ್ಕೊಳ್ಳಿ."

ಅಲ್ಲಿಂದ ಮುಂದೆ ನನ್ನ ಚಿತ್ರ ಅವನ ಸೀಮೆಸುಣ್ಣದ ಗೆರೆಗಳಾಗಿ ಬದಲಾಯಿತು. ಸ್ಟ್ಯಾಂಡಿಗೆ ಮೂರು ಕಾಲು: ಒಂದು ಹಿಂಬದಿ ಸವಾರನ ಫುಟ್‌ರೆಸ್ಟಿನ ಬೋಲ್ಟಿಗೆ, ಇನ್ನೊಂದು ಸೀರೆ ಗಾರ್ಡಿನ ಬೋಲ್ಟಿಗೆ, ಮತ್ತೊಂದು ಸೀಟಿನ ಹಿಂದಿನ ಕ್ಯಾರಿಯರ್‌ಗೆ. ಮೂರೂ ಚಾಸಿಗೇ ಸೇರಬೇಕು, ಚಕ್ರ ಹಿಡಿದ ಸ್ವಿಂಗ್ ಆರ್ಮನ್ನು ಮುಟ್ಟಲೇಬಾರದು. ಚಾಸಿ ಒಂದು ಲಯದಲ್ಲಿ, ಶಾಕ್ ಅಬ್ಸಾರ್ಬರಿನ ಕೆಳಗೆ ಚಕ್ರ ಇನ್ನೊಂದು ಲಯದಲ್ಲಿ ಮೇಲೆ ಕೆಳಗೆ ಆಡುವಾಗ ಎರಡನ್ನೂ ಸೇರಿಸಿ ಬಿಗಿದ ಕಬ್ಬಿಣ ಮುರಿಯದೆ ಉಳಿಯದು. ಗಾಡಿಯ ಮೈಗೆ ನೇರವಾಗಿ ಒಂದು ಚುಕ್ಕೆ ವೆಲ್ಡಿಂಗೂ ಬೇಡ ಅಂತ ನಾನು ಹಟ ಹಿಡಿದೆ. ಆರ್.ಸಿ.ಯಲ್ಲಿರುವುದಕ್ಕೆ ವ್ಯತ್ಯಾಸವಾಗುವಂತೆ ಗಾಡಿಯನ್ನು ಬದಲಾಯಿಸಬಾರದು ಎನ್ನುತ್ತದೆ 1988ರ ಮೋಟಾರು ವಾಹನ ಕಾಯ್ದೆಯ 52ನೇ ಕಲಂ. ಬೋಲ್ಟು ಬಿಚ್ಚಿದರೆ ಗಾಡಿ ಕೊಂಡಾಗ ಹೇಗಿತ್ತೋ ಹಾಗೇ ಕಾಣಬೇಕು. ನಂಬರ್ ಪ್ಲೇಟು, ಹಿಂದಿನ ದೀಪ, ಇಂಡಿಕೇಟರ್ ಯಾವುದೂ ಮುಚ್ಚಿಹೋಗಬಾರದು.

ಒಂದಿಂಚಿನ ಚೌಕ ಪೈಪು, ಗುಜರಿಯಿಂದ ಆರಿಸಿ ತಂದ ಸೈಕಲ್ಲಿನ ಮುಂಚಕ್ರದ ಹಬ್ಬು, ಮಡಚಿದ ದಪ್ಪ ತಗಡಿನ ಚಾನಲ್ಲು. ಸಾಮಾನು ಅಷ್ಟೇ. ಹಬ್ಬನ್ನು ಫುಟ್‌ರೆಸ್ಟಿನ ಎತ್ತರಕ್ಕೆ ಅಡ್ಡವಾಗಿ ಬೆಸೆದರೆ, ಮುಂಚಕ್ರ ಕಳಚಿದ ಸೈಕಲ್ಲಿನ ಫೋರ್ಕು ಅದರ ಮೇಲೆ ತನ್ನ ಮನೆಯಲ್ಲಿ ಕೂತಂತೆ ಕೂರುತ್ತದೆ. ಹಿಂಚಕ್ರ ಚಾನಲ್ಲಿನೊಳಗೆ. ಹ್ಯಾಂಡಲ್ಲನ್ನು ಸಡಿಲಿಸಿ ಫ್ರೇಮಿನ ಗುಂಟ ತಿರುಗಿಸಬೇಕು, ಒಳಮಗ್ಗುಲಿನ ಪೆಡಲ್ ಬಿಚ್ಚಬೇಕು. ಚೈನು, ಗೇರುಗಳು ಒಳಗಡೆ ಇರುವುದರಿಂದ ಯಾರ ಗಾಡಿಯೂ ಅವನ್ನು ಸವರಿಕೊಂಡು ಹೋಗುವ ಭಯವಿಲ್ಲ.

ಆತ ಮೊದಲು ಅಲ್ಲಲ್ಲಿ ಚುಕ್ಕೆ ಹಾಕಿ ನಿಲ್ಲಿಸಿ, ಸೈಕಲ್ ಇಟ್ಟು ನೋಡಿ, ಆಮೇಲೆ ಪೂರ್ತಿ ಬೆಸೆದ. ಸುತ್ತಿಗೆಯ ಚೂಪಿನಿಂದ ತಟ್ಟಿದಾಗ ಕಪ್ಪು ಕಿಟ್ಟ ಉದುರಿ ಕೆಳಗೆ ಹೊಳೆಯುವ ಬೆಸುಗೆ ಕಾಣುತ್ತಿತ್ತು. ಒಂದು ಮೂಲೆಗೆ ಬೆರಳಿಟ್ಟು, "ಬೆಸುಗೆ ಬಿಡಲ್ಲ ಸಾರ್. ಅದರ ಪಕ್ಕದಲ್ಲಿ ಬಿಡ್ತದೆ" ಅಂದ. ಎಷ್ಟೋ ಹಾಲಿನ ಸ್ಟ್ಯಾಂಡುಗಳು ವಾಪಸು ಬಂದದ್ದು ಬೆಸುಗೆಯ ಅಂಚಿನಲ್ಲೇ ಸೀಳಿಕೊಂಡು ಅಂತೆ. ಕಬ್ಬಿಣ ಕಾದು ಆರಿದ ಆ ಅಂಚಿನಲ್ಲೇ ಅದುರುವಿಕೆಯ ಒತ್ತಡವೆಲ್ಲ ಬಂದು ಸೇರುತ್ತದೆ, ಬಿರುಕು ಹುಟ್ಟುವುದೂ ಅಲ್ಲೇ. ಆ ಮೂಲೆಗಳಿಗೆಲ್ಲ ತ್ರಿಕೋನದ ತಗಡು ಸೇರಿಸಿದ. ಕೊನೆಗೆ ಸೆಂಟರ್ ಸ್ಟ್ಯಾಂಡ್ ಮೇಲಿದ್ದ ಗಾಡಿಯ ಸೀಟನ್ನು ಹಿಡಿದುಕೊಂಡು, ಹೊಸ ಸ್ಟ್ಯಾಂಡಿನ ಮೇಲೆ ಒಂದು ಕಾಲೂರಿ ಮೈಭಾರವನ್ನೆಲ್ಲ ಬಿಟ್ಟು ಜಗ್ಗಿದ. ಬಾಗಲಿಲ್ಲ. ರೆಡ್ ಆಕ್ಸೈಡ್ ಬಳಿದು ಕೊಟ್ಟ.

ಕಟ್ಟುವುದಕ್ಕೆ ನಾನು ನೆಚ್ಚಿದ್ದು ಹಳೇ ಟ್ಯೂಬಿನ ಪಟ್ಟಿಯನ್ನು. ನೈಲಾನ್ ಹಗ್ಗ ಅದುರಿ ಅದುರಿ ಸಡಿಲವಾಗುತ್ತದೆ. ಟ್ಯೂಬು ಎಳೆದಷ್ಟೂ ಹಿಡಿತ ಬಿಗಿ ಮಾಡುತ್ತದೆ, ಪೇಂಟನ್ನೂ ಕೆರೆಯುವುದಿಲ್ಲ. ನಟ್ಟುಗಳೆಲ್ಲ ಅದುರಿದರೂ ಸಡಿಲವಾಗದ ನೈಲಾಕ್.

ಸೈಕಲ್ ಗಾಡಿಯ ನಡುಗೆರೆಯಿಂದ 35 ಸೆಂ.ಮೀ. ಆಚೆ ನಿಲ್ಲುತ್ತದೆ. ಗಾಡಿ, ನಾನು ಸೇರಿ 215 ಕೆ.ಜಿ. ಲೆಕ್ಕ ಹಾಕಿದರೆ ಒಟ್ಟು ಭಾರದ ಕೇಂದ್ರ ಎಡಕ್ಕೆ ಸರಿಯುವುದು 2 ಸೆಂ.ಮೀ.ಗೆ ತುಸು ಹೆಚ್ಚು, ಅಷ್ಟೇ. ಸವಾರ ಕೊಂಚ ಬಲಕ್ಕೆ ಕೂತರೆ ಗಾಡಿ ನೆಟ್ಟಗೆ ಓಡುತ್ತದೆ. ಕಾಡುವುದು ತೂಕಕ್ಕಿಂತ ಗಾಳಿ. 40ರ ವೇಗದಿಂದ 60ಕ್ಕೆ ಏರಿದರೆ ಗಾಳಿಯ ತಳ್ಳಾಟ ಎರಡು ಪಟ್ಟಿಗೂ ಮಿಗಿಲಾಗುತ್ತದೆ. ಹಾಗಾಗಿ 40 ದಾಟುವುದಿಲ್ಲ, ಸರ್ವೀಸ್ ರೋಡ್ ಇರುವಲ್ಲೆಲ್ಲ ಅದರಲ್ಲೇ ಹೋಗುತ್ತೇನೆ. ಹಿಂದೆ ಚಾಚಿದ ಚಕ್ರಕ್ಕೊಂದು ಕೆಂಪು ಬಟ್ಟೆ, ಮಿಣುಕುವ ಒಂದು ದೀಪ. ಹಿಂದೆ ಯಾರನ್ನೂ ಕೂರಿಸುವುದಿಲ್ಲ. ಆ ಜಾಗದಲ್ಲಿ ಕಳಚಿದ ಮುಂಚಕ್ರ ಮಲಗಿರುತ್ತದೆ.

ಸ್ಟ್ಯಾಂಡು ನನ್ನ ಕಷ್ಟ ನೀಗಿಸಿತು, ನಿಜ. ಆದರೂ ಸೈಕಲ್ಲಿನವರು ಹೀಗೆ ಒಬ್ಬೊಬ್ಬರೇ ದಾರಿ ಹುಡುಕಿಕೊಳ್ಳಬೇಕೆ ಎಂಬ ಸಂಕಟ ಹೋಗಿಲ್ಲ. ಕೆಂಪು ಬಸ್ಸುಗಳ ನೆತ್ತಿಯ ಮೇಲೆ ಕ್ಯಾರಿಯರ್, ಬೆನ್ನಿಗೆ ಏಣಿ ಇದ್ದ ಕಾಲದಲ್ಲಿ ಹಳ್ಳಿಯವರು ಸೈಕಲ್ಲನ್ನು ಮೇಲಕ್ಕೇರಿಸಿ ಸಂತೆಗೋ ನೆಂಟರ ಊರಿಗೋ ಹೊರಡುತ್ತಿದ್ದರು. 2021ರಲ್ಲಿ ಬಿಎಂಟಿಸಿ ಕೆಲವು ಬಸ್ಸುಗಳ ಮುಂಭಾಗಕ್ಕೆ ಸೈಕಲ್ ರ‍್ಯಾಕ್ ಹಾಕಿಸಿದಾಗ ನನಗಾದ ಹಿಗ್ಗು ಅಷ್ಟಿಷ್ಟಲ್ಲ. ಅಂಥ ರ‍್ಯಾಕು ನಂದಿಯ ಕಡೆ ಹೋಗುವ ಬಸ್ಸಿಗೂ ಬರಬೇಕು. ನಮ್ಮ ಮನೆಯ ಹತ್ತಿರದ ಕೊಡಿಗೇಹಳ್ಳಿ ನಿಲ್ದಾಣದ ಹಳಿ ಯಲಹಂಕ, ದೇವನಹಳ್ಳಿ ದಾಟಿ ನಂದಿ ಹಾಲ್ಟಿಗೇ ಹೋಗುತ್ತದೆ. ಯಲಹಂಕದಿಂದಾಚೆ ಅದು 1915ರ ಸುಮಾರಿಗೆ ಸಣ್ಣ ಗೇಜಿನಲ್ಲಿ ಶುರುವಾದ ಹಳೆಯ ಚಿಕ್ಕಬಳ್ಳಾಪುರ ಲೈನು. ಆ ಹಳಿಯ ಮೇಲೆ ಓಡುವ ರೈಲಿನ ಒಂದು ಬೋಗಿಯಲ್ಲಿ ನಾಲ್ಕು ಸೈಕಲ್ಲಿಗೆ ಕೊಕ್ಕೆ ಹಾಕಿದರೆ ಸಾಕು, ನಾನು ಈ ಸ್ಟ್ಯಾಂಡನ್ನು ಸಂತೋಷದಿಂದ ಗುಜರಿಗೆ ಹಾಕಿಬಿಡುತ್ತೇನೆ.

ಅಲ್ಲಿಯವರೆಗೆ ಇದೇ ಗತಿ. ಮಗಳೂ ಬೆಟ್ಟ ಹತ್ತಬೇಕು ಅನ್ನುತ್ತಿದ್ದಾಳೆ. ಅವಳ ಸೈಕಲ್ ಚಿಕ್ಕದು, ಹಬ್ಬನ್ನು ಇನ್ನೂ ಹಿಂದಕ್ಕೆ ಸರಿಸುವಂತೆ ಮಾಡಬೇಕು. ಅವಳ ಗೆಳತಿಯ ಸ್ಕೂಟರಿಗೆ ಇಂಥ ಸ್ಟ್ಯಾಂಡು ಕೂರುತ್ತದೋ ಇಲ್ಲವೋ, ಅದನ್ನೂ ನೋಡಬೇಕು. ಅಳತೆ ಬರೆದು ತರುತ್ತೇನೆ ಅಂದದ್ದಕ್ಕೆ ಅಂಗಡಿಯಾತ, "ಅಳತೆ ಬೇಡ ಸಾರ್, ಪಾಪೂನ ಸೈಕಲ್ಲೇ ತನ್ನಿ, ಆ ಸ್ಕೂಟರೂ ಬರಲಿ, ಭಾನುವಾರ ಮಧ್ಯಾಹ್ನದ ಮೇಲೆ ಖಾಲಿ ಇರ್ತೀನಿ" ಅಂದಿದ್ದಾನೆ.